ಸಾಕ್ಷಿಗಿಟ್ಟ ತಲೆ

ನಮ್ಮಣ್ಣ ಹುಲುಗಪ್ಪ ದಡ್ಡನಲ್ಲ. ತನ್ನ ಬಾಯಿಂದ ಸಾರಿದ ಡಂಗುರವನ್ನು ತಾನೇ ನಂಬಿದ, ಅಷ್ಟೇ ಅವನ ತಪ್ಪು. ಊರಿನವರು ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ. ನನಗೆ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಆ ಉರಿಯನ್ನು ಎಲ್ಲಿ ಇಡಬೇಕೋ ಗೊತ್ತಾಗದೆ ಇದನ್ನು ಬರೆಯುತ್ತಿದ್ದೇನೆ.

ದಿಲ್ಲಿಯಲ್ಲಿ ಇಂದಿರಮ್ಮನನ್ನು ಕೊಂದ ದಿನ ನಾವು ಚೇರ್ಮನ್ ಏಕಾಂತಪ್ಪನ ಹೊಲದಲ್ಲಿ ಶೇಂಗಾ ಕೀಳುತ್ತಿದ್ದೆವು. ಮಳೆ ನಿಂತು ನೆಲ ಬಿಗಿದಿತ್ತು. ಬಳ್ಳಿ ಹಿಡಿದು ಎಳೆದರೆ ಬಳ್ಳಿಯಷ್ಟೇ ಕೈಗೆ ಬರುತ್ತಿತ್ತು, ಕಾಯಿ ನೆಲದಲ್ಲೇ ಉಳಿಯುತ್ತಿತ್ತು. ಬೆರಳು ತೂರಿಸಿ ಕೆದಕಬೇಕು. ಉಗುರಿನ ಸಂದಿ ಹರಿಯುತ್ತದೆ, ಅದರಲ್ಲಿ ಮಣ್ಣು ಸೇರಿ ಕೀವಾಗುತ್ತದೆ. ರಾತ್ರಿ ಮುದ್ದೆ ಮುರಿಯಲು ಆಗುವುದಿಲ್ಲ. ಹೊತ್ತು ಇಳಿಯುವಾಗ ಏಕಾಂತಪ್ಪನ ತಮ್ಮನ ಮಗ ಬೆನಕಪ್ಪ ಬದುವಿನ ಮೇಲೆ ಬಂದು ನಿಂತ.

‘ಅಮ್ಮನ್ನ ಹೊಡದ್ರಂತ. ರೇಡಿಯೋದಾಗ ಬಂತು’ ಎಂದ.

ಅತ್ತಿಗೆ ಗಾಳೆಮ್ಮ ಸಾಲಿನಲ್ಲೇ ಕುಸಿದು ಕೂತಳು. ಅಣ್ಣ ಕೈಯಲ್ಲಿದ್ದ ಬಳ್ಳಿಯನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಅತ್ತ. ಅವನು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ನಾವು ಮಾದಿಗರು. ಉಳಿದವರಿಗೆ ಆಕೆ ಪ್ರಧಾನಿ, ನಮ್ಮ ಕೇರಿಗೆ ಅವ್ವ. ಎಮರ್ಜೆನ್ಸಿಯಲ್ಲಿ ಏನೇನಾಯಿತು ಎಂದು ಪೇಟೆಯ ಗೆಳೆಯರು ಹೇಳಿದ್ದನ್ನೆಲ್ಲ ನಾನು ಕೇಳಿದ್ದೇನೆ, ಸುಳ್ಳೆನ್ನುವುದಿಲ್ಲ. ಆದರೆ ಅಣ್ಣ ಹಲ್ಲು ಬೀಳುವ ವಯಸ್ಸಿನಿಂದ ಏಕಾಂತಪ್ಪನ ಮನೆಯಲ್ಲಿ ಜೀತಕ್ಕಿದ್ದ. ಅವರ ದನದ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಸಗಣಿ ಬಾಚಿ, ಮೇವು ಹೊತ್ತು, ಅವನ ಬೆನ್ನು ಬೆಳೆಯುವ ಮೊದಲೇ ಬಗ್ಗಿತ್ತು. ಅದೇ ಎಮರ್ಜೆನ್ಸಿಯಲ್ಲಿ ಒಂದು ದಿನ ಜೀತ ಇನ್ನಿಲ್ಲ ಎಂದು ಸರ್ಕಾರ ಹೇಳಿತು. ಅವತ್ತು ಅಣ್ಣ ಮನೆಗೆ ಬಂದು ನಮ್ಮವ್ವ ಪಕ್ಕೀರಮ್ಮನ ಪಕ್ಕದಲ್ಲಿ ಮಲಗಿದ. ಮೀಸೆ ಬಂದ ಮಗ ತಾಯಿಯ ಸೆರಗು ಹಿಡಿದು ಮಲಗಿದ್ದ. ಅದನ್ನು ಕೊಟ್ಟವಳು ಇಂದಿರಮ್ಮ ಎಂದು ಅವನು ನಂಬಿದ್ದ. ಅವಳದೊಂದು ಕ್ಯಾಲೆಂಡರಿನ ಪಟ ನಮ್ಮ ಗುಡಿಸಲಲ್ಲಿ ಊರಮ್ಮನ ಪಟದ ಪಕ್ಕಕ್ಕಿತ್ತು.

ಜೀತ ಬಿಡಿಸಿದ್ದಕ್ಕೆ ಏಕಾಂತಪ್ಪನ ಮನೆಯವರು ಆಗ ಅದೇ ತಾಯಿಯನ್ನು ಬಾಯಿಗೆ ಬಂದಂತೆ ಬೈದಿದ್ದರು. ಈಗ ಅವನು ಅವಳದೇ ಪಾರ್ಟಿ, ಪಂಚಾಯ್ತಿಗೆ ಚೇರ್ಮನ್. ಗಾಳಿ ಬಂದ ಕಡೆ ತೂರಿಕೊಳ್ಳುವುದನ್ನು ಇವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮರುದಿನ ಏಕಾಂತಪ್ಪ ಅಣ್ಣನಿಗೆ ಹೇಳಿಕಳಿಸಿದ. ಊರಿಗೆ ಡಂಗುರ ಸಾರುವುದು ನಮ್ಮ ಮನೆತನದ ಕೆಲಸ. ಅಣ್ಣ ಹಲಗೆ ಹಿಡಿದು ಅವರ ಅಂಗಳದ ಹೊರಗೆ ನಿಂತ. ಏಕಾಂತಪ್ಪ ಜಗುಲಿಯ ಮೇಲಿಂದ ಒಂದೊಂದೇ ಮಾತು ಹೇಳಿದ, ಅಣ್ಣ ಬಾಯಿಪಾಠ ಮಾಡಿದ. ಆಮೇಲೆ ಓಣಿ ಓಣಿಯಲ್ಲಿ ನಿಂತು ಹಲಗೆ ಬಡಿದು ಕೂಗಿದ:

‘ಕೇಳ್ರಪ್ಪೋ ಕೇಳ್ರಿ. ನಮ್ಮ ದೇಶದ ತಾಯಿ ತೀರಿಕೊಂಡಾಳ. ನಾಳಿ ಮುಂಜಾನಿ ಹನುಮಪ್ಪನ ಗುಡಿ ಕಟ್ಟಿ ಮುಂದ ಊರಾಗಿನ ಗಂಡಸರೆಲ್ಲಾ ತಲಿ ಬೋಳಸ್ಕೋಬೇಕು. ಜಾತಿ ಇಲ್ಲ, ಕುಲ ಇಲ್ಲ. ಎಲ್ಲಾರೂ ಆ ತಾಯಿ ಮಕ್ಕಳು.’

ನಮ್ಮ ಕೇರಿಗೆ ಬಂದು ಸಾರುವಾಗ ಅವನ ದನಿ ಒಡೆದಿತ್ತು. ಕೇರಿಯವರೆಲ್ಲ ಕೇಳಿಸಿಕೊಂಡರು, ತಮ್ಮ ತಮ್ಮ ಕೆಲಸಕ್ಕೆ ಹೋದರು. ‘ಎಲ್ಲಾರೂ’ ಎಂದು ಊರು ಅಂದಾಗ ಅದರಲ್ಲಿ ನಾವಿಲ್ಲ ಎಂಬುದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಣ್ಣನಿಗೆ ಮಾತ್ರ ಅವತ್ತು ಮರೆತುಹೋಯಿತು. ಆ ಮಾತನ್ನು ಅಷ್ಟು ಸಲ ಕೂಗಿದ್ದಕ್ಕೋ ಏನೋ.

ಸಂಜೆ ಅವ್ವ ಹೇಳಿದಳು: ‘ನಿಮ್ಮಪ್ಪ ಸತ್ತಾಗ ಹಡಪದಾವ ನಮ್ಮ ಕೇರಿಗಿ ಬಂದಿದ್ನೇನು? ನಾವ ನಾವ ಬ್ಲೇಡಿನಾಗ ಬೋಳಸ್ಕೊಂಡ್ವಿ. ಈಗೂ ಹಂಗ ಮಾಡ್ಕೋ. ಮನಿಯಾಗ ಕುಂತು ಬೋಳಸ್ಕೋ. ಅಲ್ಲಿ ಹೋಗಬ್ಯಾಡ.’

‘ಮನಿಯಾಗ ಬೋಳಸ್ಕೊಂಡ್ರ ನಾನು ಬ್ಯಾರೆ ಅವ್ವಗ ಹುಟ್ಟಿದಂಗ ಆಕ್ಕೈತಬೇ’ ಎಂದ ಅಣ್ಣ.

ಬೆಳಿಗ್ಗೆ ಮಿಂದು, ಒಗೆದ ಪಂಜೆ ಉಟ್ಟು ಹೋದ. ಹಲಗೆಯೂ ಹೆಗಲಲ್ಲಿತ್ತು, ಬೋಳಿಸಿದ ಮೇಲೆ ಪಟದ ಮೆರವಣಿಗೆ ಇತ್ತು, ಅದರ ಮುಂದೆ ಸಾವಿನ ಹಲಗೆ ಬಡಿಯಬೇಕಿತ್ತು. ನಾನೂ ಕೇರಿಯ ನಾಲ್ಕು ಜನರೂ ಹಿಂದೆ ಹೋಗಿ ಬೇವಿನ ಮರದ ಆಚೆ ನಿಂತೆವು. ಗುಡಿಕಟ್ಟೆಯ ಮುಂದೆ ಊರ ಗಂಡಸರು ಸಾಲಾಗಿ ಕೂತಿದ್ದರು. ಹಡಪದ ಪಾಲಾಕ್ಷಪ್ಪ ಒಂದು ತುದಿಯಿಂದ ಬೋಳಿಸುತ್ತ ಬರುತ್ತಿದ್ದ. ಅಣ್ಣ ಹಲಗೆ ಪಕ್ಕಕ್ಕಿಟ್ಟು, ಸಾಲಿನ ಕೊನೆಯಲ್ಲಿ, ಒಂದು ಮಾರು ಜಾಗ ಬಿಟ್ಟೇ ಕೂತ. ಅಷ್ಟು ದೂರ ಕೂಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಂಬಿಕೆ ಬಂದಿತ್ತು, ಆದರೆ ಮೈಗೆ ಅಂಟಿದ್ದು ಹೋಗಿರಲಿಲ್ಲ.

ಪಾಲಾಕ್ಷಪ್ಪ ಅವನ ಮುಂದೆ ಬಂದು ನಿಂತ. ಕತ್ತಿ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

‘ನೀ ಯಾಕ ಕುಂತೀಯೋ ಇಲ್ಲಿ?’ ಎಂದು ಮೆಲ್ಲಗೆ ಕೇಳಿದ.

‘ತಲಿ ಬೋಳಸ್ಕೊಳ್ಳಾಕ.’

‘ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ ಹುಲುಗಪ್ಪ. ಈ ಕತ್ತಿ ನಿನ್ನ ತಲಿಗಿ ತಾಕಿದ್ರ ನಾಳಿಂದ ಒಬ್ರೂ ನನ್ನ ಮುಂದ ತಲಿ ಬಗ್ಸಂಗಿಲ್ಲ. ಸುಗ್ಗಿಗಿ ನನಗ ಕಾಳು ಯಾರು ಹಾಕ್ತಾರ?’

ಅವನು ಹೇಳಿದ್ದು ನಿಜ. ಅವನೂ ಊರವರ ಕಣದಲ್ಲಿ ಮೊರ ಒಡ್ಡಿ ಬದುಕುವವನು. ಅವನ ಮೇಲೂ ನನಗೆ ಸಿಟ್ಟಿದೆ, ಆದರೆ ಸರದಿಯಲ್ಲಿ ಅವನು ಕೊನೆಯವನು.

ಏಕಾಂತಪ್ಪ ಎದ್ದು ಬಂದ. ಆಗ ತಾನೇ ಬೋಳಾದ ತಲೆಯ ಮೇಲೆ ಟವೆಲು ಹಾಕಿಕೊಂಡಿದ್ದ.

‘ಯಾಕಲೇ ಹುಲಗ್ಯಾ, ಏನು ಗದ್ಲ?’

‘ಗದ್ಲ ಏನಿಲ್ರಿ ಧಣಿ. ನೀವು ಹೇಳಿದಂಗ ನಾನ ನಿನ್ನಿ ಸಾರೀನಿ, ಎಲ್ಲಾರೂ ಆ ತಾಯಿ ಮಕ್ಕಳು ಅಂತ. ನಾನೂ ಬಂದೀನಿ.’

‘ಸಾರಾದು ನಿನ್ನ ಕೆಲ್ಸ. ಸಾರಿದಿ, ಮುಗೀತು. ಏಳು.’

‘ಏಳಂಗಿಲ್ರಿ.’

ನಮ್ಮ ವಂಶದಲ್ಲಿ ಆ ಮನೆಯವರಿಗೆ ಆ ಮಾತನ್ನು ಯಾರೂ ಅಂದಿರಲಿಲ್ಲ. ಏಕಾಂತಪ್ಪನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಅವನೇನೂ ಮಾಡಲಿಲ್ಲ, ಬೆನಕಪ್ಪನ ಕಡೆ ನೋಡಿದ. ದೊಡ್ಡವರು ನೋಡುತ್ತಾರೆ, ಚಿಕ್ಕವರು ಮಾಡುತ್ತಾರೆ. ಊರು ಹಾಗೆಯೇ ನಡೆಯುವುದು.

ಬೆನಕಪ್ಪ ಹತ್ತಿರದ ಕುರಿಹಟ್ಟಿಯಿಂದ ಉಣ್ಣೆ ಕತ್ತರಿಸುವ ಕತ್ತರಿ ತಂದ. ಮೂರು ಜನ ಅಣ್ಣನ ಕೈಕಾಲು ಅದುಮಿ ಹಿಡಿದರು. ಮುಟ್ಟಿದರೆ ಮೈಲಿಗೆ ಎನ್ನುವವರಿಗೆ ಹೊಡೆಯುವಾಗ ಮೈಲಿಗೆ ಇಲ್ಲ. ನಾನು ನುಗ್ಗಿದೆ. ಬಾಯಿಗೆ ಬಿದ್ದ ಏಟಿಗೆ ನನ್ನ ಮುಂದಿನ ಹಲ್ಲು ಸಡಿಲವಾಯಿತು, ಒಬ್ಬ ನನ್ನ ಎದೆಯ ಮೇಲೆ ಕೂತ. ಕತ್ತರಿ ಕೂದಲನ್ನೂ ಚರ್ಮವನ್ನೂ ಕೂಡಿಯೇ ಕಚ್ಚಿತು. ಬಲಗಡೆ ಪೂರ್ತಿ ತೆಗೆದು ಬೆನಕಪ್ಪ ನಿಲ್ಲಿಸಿದ.

‘ಹೆತ್ತ ಮಕ್ಕಳಿಗಿ ಪೂರ್ತಿ. ನಿನಗ ಅರ್ಧ ಸಾಕು.’

ಎಲ್ಲರೂ ನಕ್ಕರು. ‘ಸೂತಕದ ದಿನ ನಗಬಾರದ್ರಪ್ಪಾ’ ಎಂದು ಏಕಾಂತಪ್ಪ ಗದರಿದ. ನಗು ನಿಂತಿತು.

‘ಏಳು, ಹಲಗಿ ಬಡಿ. ಮೆರವಣಿಗಿ ಹೊಂಡ್ಲಿ’ ಎಂದ ಬೆನಕಪ್ಪ.

ಅಣ್ಣ ಎದ್ದ. ರಕ್ತ ಕಿವಿಯ ಹಿಂದೆ ಇಳಿದು ಒಗೆದ ಪಂಜೆಗೆ ತೊಟ್ಟಿಕ್ಕುತ್ತಿತ್ತು. ಹಲಗೆ ಎತ್ತಿಕೊಂಡು ಮೆರವಣಿಗೆಯ ಮುಂದೆ ನಿಲ್ಲದೆ ನೆಟ್ಟಗೆ ಕೇರಿಗೆ ನಡೆದ. ನಾವು ಅವನ ಹಿಂದೆ ನಡೆದೆವು. ಆಮೇಲೆ ಹೇಳಿಕಳಿಸಿದರು, ಬೆದರಿಸಿದರು. ಕೇರಿಯಿಂದ ಒಬ್ಬನೂ ಹೋಗಲಿಲ್ಲ. ದೇಶದ ತಾಯಿಯ ಪಟ ನಮ್ಮೂರಲ್ಲಿ ಹಲಗೆಯಿಲ್ಲದೆ ಹೋಯಿತು. ಈ ಕತೆಯಲ್ಲಿ ನಮ್ಮ ಕಡೆಯ ಗೆಲುವು ಅಷ್ಟೇ, ಬೇರೆ ಹುಡುಕಬೇಡಿ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಕ್ಷೌರ ಮಾಡುವುದಿಲ್ಲ ಎಂದರೂ ಕಾಯ್ದೆ ಪ್ರಕಾರ ಅಪರಾಧ ಎಂದು ಗೊತ್ತಿತ್ತು. ಅರ್ಜಿ ಬರೆದೆ. ಯಾರು ಹಿಡಿದರು, ಯಾರು ಕತ್ತರಿಸಿದರು, ಯಾರು ನೋಡಿದರು, ಎಲ್ಲ ಬರೆದೆ. ಠಾಣೆಗೆ ಹೋದೆವು. ಸಬ್ ಇನ್ಸ್‌ಪೆಕ್ಟರ್ ಇರಲಿಲ್ಲ. ದಫೇದಾರ ಅರ್ಜಿ ಓದಿದ, ಅಣ್ಣನ ತಲೆ ನೋಡಿದ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

‘ದಿಲ್ಲಿ ಹತ್ತಿ ಉರಿಯಾಕ್ಹತ್ತೈತಿ, ನಿಮ್ಮದೇನಪ್ಪಾ ಕೂದ್ಲದ ಗಲಾಟಿ? ಎಲ್ಲಾರೂ ಬಂದೋಬಸ್ತಿಗಿ ಹೋಗ್ಯಾರ. ಹನ್ನೆರ್ಡು ದಿನ ದೇಶಕ್ಕ ಸೂತಕ. ಅದು ಮುಗೀಲಿ, ಸಾಹೇಬರು ನಿಮ್ಮೂರಿಗಿ ಬರ್ತಾರ.’

‘ಅಲ್ಲೀತನ?’ ಎಂದೆ.

‘ಅಲ್ಲೀತನ ತಲಿ ಹಂಗ ಇಟ್ಕೋ ಅನ್ನು. ಅದ ಸಾಕ್ಷಿ. ಬೋಳಸ್ಕೊಂಡು ಬಂದ್ರ ಸಾಹೇಬರು ಏನು ನೋಡಬೇಕು?’

ಅವನು ತಮಾಷೆಗೆ ಅಂದನೋ ಏನೋ. ಸರ್ಕಾರದ ಬಟ್ಟೆ ಹಾಕಿಕೊಂಡವನು ತಮಾಷೆ ಮಾಡುತ್ತಾನೆ ಎಂದು ನಮ್ಮಂಥವರು ತಿಳಿಯುವುದಿಲ್ಲ. ಅಣ್ಣ ಎರಡೂ ಕೈ ಮುಗಿದು ‘ಆತ್ರಿ’ ಎಂದ.

ಅವತ್ತಿನಿಂದ ಅವನ ತಲೆ ಅವನದಾಗಿ ಉಳಿಯಲಿಲ್ಲ, ಸಾಕ್ಷಿಯಾಯಿತು. ಆದರೆ ಕೂದಲಿಗೆ ಕಾಯ್ದೆ ಗೊತ್ತಿಲ್ಲ. ಗಾಯ ಮಾಯಿತು, ಬೋಳಾದ ಕಡೆ ರಾಗಿ ಮೊಳಕೆಯಂತೆ ಕಪ್ಪು ಚಿಗುರಿತು. ಅಣ್ಣ ಬಿಂದಿಗೆಯ ನೀರಿನಲ್ಲಿ ನೋಡಿಕೊಂಡ. ಹೆದರಿದ.

‘ಗಾಳೆಮ್ಮಾ, ಇದು ಬೆಳದು ಒಂದಾದ್ರ ಆತು ಕತಿ. ಬ್ಲೇಡು ತಗೊಂಬಾ’ ಎಂದ.

‘ಎದಕ್ಕ?’

‘ಈ ಕಡಿ ಮತ್ತ ಬೋಳಿಸು. ಅವರು ಬಿಟ್ಟಾಗ ಎಷ್ಟಿತ್ತೋ ಅಷ್ಟ.’

ಅತ್ತಿಗೆ ಒಲ್ಲೆ ಎಂದಳು. ಒಲೆಯ ಮುಂದೆ ಕೂತು ಅತ್ತಳು. ಅವ್ವ ಬೈದಳು: ‘ಅವರು ಮಾಡಿದ ಹೊಲಸು ಕೆಲ್ಸಾನ ನಿನ್ನ ಹೇಣ್ತಿ ಕೈಯಾಗ ಮಾಡಸ್ತಿಯೇನೋ? ಆ ಕಡಿದೂ ತಗದು ಬೋಳಾಗಿ ಕುಂದ್ರು. ಹೋದ ಮಾನ ತಿರುಗಿ ಬರಂಗಿಲ್ಲ.’ ಅಣ್ಣ ಕೇಳಲಿಲ್ಲ. ಕೊನೆಗೆ ಅತ್ತಿಗೆ ಅವನ ತಲೆಯನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು ಬೋಳಿಸಿದಳು. ಕೂದಲು ಚಿಗುರಿದಾಗಲೆಲ್ಲ ಬೋಳಿಸಿದಳು. ಕಣ್ಣೀರಿಗೆ ಬ್ಲೇಡು ಕಾಣುತ್ತಿರಲಿಲ್ಲ. ಮುಂಗೈಯಿಂದ ಒರೆಸಿಕೊಂಡು ಮತ್ತೆ ಎಳೆಯುತ್ತಿದ್ದಳು. ಆ ಗುಡಿಸಲಲ್ಲಿ ನಾನು ಅದನ್ನು ನೋಡಲಾರದೆ ಹೊರಗೆ ಬಂದು ಕೂಡುತ್ತಿದ್ದೆ.

ಊರು ನಮ್ಮನ್ನು ಕೆಲಸಕ್ಕೆ ಕರೆಯುವುದು ನಿಲ್ಲಿಸಿತು. ಅರೆಬರೆ ಕಿತ್ತ ಶೇಂಗಾ ಹೊಲದಲ್ಲೇ ಒಣಗಿತು, ನಮಗೆ ಹೇಳಲಿಲ್ಲ. ಅಂಗಡಿಯಲ್ಲಿ ನಮಗೆ ಉಪ್ಪು ಮುಗಿದಿರುತ್ತಿತ್ತು. ನಾನೂ ಅಣ್ಣನೂ ಹಗರಿಬೊಮ್ಮನಹಳ್ಳಿಗೆ ನಡೆದು ಹೋಗಿ ಮೂಟೆ ಹೊತ್ತೆವು. ಅಣ್ಣ ತಲೆಗೆ ಟವೆಲು ಸುತ್ತುತ್ತಿರಲಿಲ್ಲ. ಸಾಕ್ಷಿಯನ್ನು ಮುಚ್ಚಬಾರದು ಎನ್ನುತ್ತಿದ್ದ. ಹಮಾಲರು ಶಿಳ್ಳೆ ಹಾಕಿದರು. ಹುಡುಗರು ಬೆನ್ನು ಹತ್ತಿದರು. ಮೂಟೆ ಬೆನ್ನಿನ ಮೇಲಿರುವಾಗ ಯಾರೋ ಬೋಳು ಕಡೆಗೆ ಟಪ್ಪೆಂದು ಹೊಡೆದು ಓಡಿದರು. ಮೂಟೆ ಇಳಿಸುವವರೆಗೆ ಅಣ್ಣ ತಿರುಗಿ ನೋಡಲಿಲ್ಲ.

ಒಂದು ದಿನ ಸಾಹೇಬರಿಗೆಂದು ಅದೇ ಅರ್ಜಿ ಟೈಪು ಮಾಡಿಸಲು ಕೂಡ್ಲಿಗಿಗೆ ಹೋದೆವು. ಹೆದ್ದಾರಿಯ ಚಹಾದಂಗಡಿಯಲ್ಲಿ ಒಬ್ಬ ಲಾರಿ ಡ್ರೈವರ್ ಕೂತಿದ್ದ. ಎತ್ತರದ ಆಳು. ತಲೆಗೂದಲು, ಗಡ್ಡ ಎರಡೂ ಇಲಿ ಕಡಿದಂತೆ ಅಡ್ಡಾದಿಡ್ಡಿ. ಅವನು ಸರ್ದಾರಜಿ, ಜೀವಭಯಕ್ಕೆ ದಾರಿಯಲ್ಲಿ ತಾನೇ ಕತ್ತರಿಸಿಕೊಂಡಿದ್ದಾನೆ ಎಂದು ಕ್ಲೀನರ್ ಮೆಲ್ಲಗೆ ಹೇಳಿದ. ತಾಯಿಯನ್ನು ಕೊಂದವರ ಜಾತಿ ಎಂದು ದಿಲ್ಲಿಯಲ್ಲಿ ಅವರನ್ನು ಹುಡುಕಿ ಹುಡುಕಿ ಸುಡುತ್ತಿದ್ದಾರೆಂದು ನಾನು ಪೇಪರಿನಲ್ಲಿ ಓದಿದ್ದೆ. ಅವನು ಅಣ್ಣನ ತಲೆ ನೋಡಿದ, ಅಣ್ಣ ಅವನ ತಲೆ ನೋಡಿದ. ಇವನಿಗೆ ಹಿಂದಿ ಬರದು, ಅವನಿಗೆ ಕನ್ನಡ ಬರದು. ಇನ್ನೊಂದು ಚಹಾ ತರಿಸಿ ಅಣ್ಣನ ಮುಂದಕ್ಕೆ ಸರಿಸಿ ಅವನು ಲಾರಿ ಹತ್ತಿದ. ಆ ದಿನಗಳಲ್ಲಿ ಅಣ್ಣನನ್ನು ನೋಡಿ ನಗದವನು ಅವನೊಬ್ಬ.

ದೇಶದ ಸೂತಕ ಮುಗಿದು ಒಂದು ವಾರವಾದ ಮೇಲೆ ಸಬ್ ಇನ್ಸ್‌ಪೆಕ್ಟರ್ ನಮ್ಮೂರಿಗೆ ಬಂದ. ನಮ್ಮ ಅರ್ಜಿಗಾಗಿ ಅಲ್ಲ. ಅವತ್ತು ಆ ತಾಯಿ ಹುಟ್ಟಿದ ದಿನ. ಶಾಲೆಯ ಮುಂದೆ ಊರವರೆಲ್ಲ ಕೈ ಚಾಚಿ ದೇಶದ ಐಕ್ಯತೆಯ ಪ್ರತಿಜ್ಞೆ ಮಾಡಬೇಕಿತ್ತು. ಬಂದದ್ದೇ ಆಯಿತಲ್ಲ ಎಂದು ನಮ್ಮನ್ನೂ ಕರೆಸಿದ. ಶಾಲೆಯ ಬೇಲಿಯ ಹತ್ತಿರ ಅಣ್ಣ ನಿಂತ, ಅವನ ಹಿಂದೆ ಅತ್ತಿಗೆ, ಪಕ್ಕದಲ್ಲಿ ನಾನು. ಆ ಕಡೆ ಏಕಾಂತಪ್ಪ, ಬೆನಕಪ್ಪ, ಊರು. ಅವರ ತಲೆಗಳಲ್ಲೆಲ್ಲ ಕೂದಲು ಚಿಗುರಿತ್ತು.

ಸಾಹೇಬ ಅಣ್ಣನ ಗದ್ದಕ್ಕೆ ಲಾಠಿ ಕೊಟ್ಟು ತಲೆ ತಿರುಗಿಸಿ ನೋಡಿದ.

‘ಅರ್ಜಿಯಾಗ ಕುರಿ ಕತ್ತರಿ ಅಂತ ಬರದೈತಿ. ಇದು ಬ್ಲೇಡಿನ ಕೆಲ್ಸ. ನಿನ್ನಿ ಮೊನ್ನಿದು. ಯಾರು ಬೋಳಿಸಿದ್ದು?’

ಅಷ್ಟರಲ್ಲಿ ಅತ್ತಿಗೆ ಮುಂದೆ ಬಂದಳು.

‘ನಾನ್ರಿ. ಇವರ ಹೇಣ್ತಿ.’

‘ನೀನು?’

‘ಹೌದ್ರಿ. ಅವರು ಕತ್ತರಿಸಿದ್ದು ಅವತ್ತು. ಸಾಹೇಬರು ನೋಡೋತನ ಹಂಗ ಇಟ್ಕೋ ಅಂತ ನಿಮ್ಮ ದಫೇದಾರ್ರು ಅಂದ್ರು. ಕೂದ್ಲ ಹೇಳಿದ ಮಾತು ಕೇಳ್ತೈತೇನ್ರಿ? ಬೆಳೀತು. ಅದಕ ನಾನು ಬೋಳಿಸ್ಕೊಂತ ಬಂದೆ.’

ದಫೇದಾರ ಬೇವಿನ ಮರ ನೋಡುತ್ತ ನಿಂತಿದ್ದ. ‘ನಾ ಯಾಕ ಹಂಗ ಅನ್ಲಿ ಸರ್’ ಎಂದ. ಊರಿಗೆ ಊರೇ ನಕ್ಕಿತು. ಅವತ್ತು ನಗಬೇಡಿ ಎನ್ನುವವರೂ ಇರಲಿಲ್ಲ.

ಅತ್ತಿಗೆ ಹೇಳಿದ್ದು ಸತ್ಯ. ಸುಳ್ಳು ಹೇಳಬೇಕಿತ್ತು ಎಂದು ನನಗೆ ಆಮೇಲೆ ಬಹಳ ಜನ ಬುದ್ಧಿ ಹೇಳಿದರು. ಕೇಸು ಗೆಲ್ಲುವ ಸುಳ್ಳು ಹೇಳಲು ಮೊದಲು ಹೊಟ್ಟೆ ತುಂಬಿರಬೇಕು, ಹಿಂದೆ ನಾಲ್ಕು ಜನ ಇರಬೇಕು. ನಮ್ಮಲ್ಲಿ ಸತ್ಯ ಒಂದೇ ಇತ್ತು. ಅದನ್ನೇ ಕೊಟ್ಟೆವು.

ಏಕಾಂತಪ್ಪ ಟವೆಲು ಕೊಡವಿ ಮುಂದೆ ಬಂದ. ‘ಬರ್ಕೊಳ್ರಿ ಸಾಹೇಬ್ರ. ಇಡೀ ಊರು ತಾಯಿಗಂತ ತಲಿ ಕೊಟ್ಟೈತಿ. ಇವ ಅರ್ಧ ಬೋಳಸ್ಕೊಂಡು ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಎಲ್ಲಾ ತಿರಗ್ಯಾನ. ಹೇಣ್ತಿ ಕೈಯಾಗ ಬೋಳಿಸಿಕೊಂಡು ತಿರಗ್ಯಾನ. ಸತ್ತ ತಾಯಿಗಿ ಇದು ಅಣಕ ಅಲ್ಲೇನ್ರಿ? ದೇಶದ್ರೋಹ ಅಂದ್ರ ಇನ್ಯಾವುದು?’

‘ಆಕಿ ನಮಗೂ ಅವ್ವರಿ’ ಎಂದ ಅಣ್ಣ. ಅಷ್ಟೇ ಅಂದದ್ದು.

‘ಅರ್ಜಿ ತಪ್ಪಾತು ಅಂತ ಹೆಬ್ಬಟ್ಟು ಒತ್ತು. ಇಲ್ಲೇ ಮುಗಸೋಣ’ ಎಂದ ಸಾಹೇಬ.

‘ಒತ್ತಂಗಿಲ್ರಿ.’

ಸಾಹೇಬ ಗಡಿಯಾರ ನೋಡಿದ. ಪ್ರತಿಜ್ಞೆಗೆ ಹೊತ್ತಾಗಿತ್ತು. ‘ಜೀಪಿಗಿ ಹಾಕ್ರಿ’ ಎಂದ. ಅತ್ತಿಗೆ ಜೀಪಿನ ಹಿಂದಿನ ಸರಳು ಹಿಡಿದು, ‘ಬೋಳಿಸಿದಾಕಿ ನಾನು, ನನ್ನ ಒಯ್ಯಿರಿ’ ಎಂದಳು. ದಫೇದಾರ ಅವಳ ಬೆರಳು ಒಂದೊಂದಾಗಿ ಬಿಡಿಸಿದ. ಶಾಲೆಯ ಅಂಗಳದಲ್ಲಿ ಹೆಡ್‌ಮಾಸ್ತರರು ಒಂದೊಂದು ಸಾಲು ಹೇಳುತ್ತಿದ್ದರು, ಊರು ಹಿಂದಿನಿಂದ ಹೇಳುತ್ತಿತ್ತು. ಯಾರು ಕೈ ಚಾಚಿದರೋ ನಾನು ನೋಡಲಿಲ್ಲ. ಧೂಳಿನಲ್ಲಿ ಕೂತಿದ್ದ ಅತ್ತಿಗೆಯನ್ನು ಎಬ್ಬಿಸುತ್ತಿದ್ದೆ.

ಅಣ್ಣನನ್ನು ಮೂರು ದಿನ ಬಿಡಲಿಲ್ಲ. ಬಿಟ್ಟಾಗ ಕರೆದುಕೊಂಡು ಬರಲು ನಾನು ಹೋದೆ. ಠಾಣೆಯ ಮೆಟ್ಟಿಲ ಮೇಲೆ ಕೂತಿದ್ದ. ಉಳಿದರ್ಧ ತಲೆಯನ್ನೂ ಬೋಳಿಸಿದ್ದರು. ಕೈಯ ಹೆಬ್ಬೆರಳಿನ ತುದಿ ಮಸಿಯಿಂದ ನೀಲಿಯಾಗಿತ್ತು. ಅಂಗಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಏನಾಯಿತು ಎಂದು ಕೇಳಿದೆ. ‘ನಡಿ’ ಎಂದ.

ಬಸ್ಸು ತುಂಬಿತ್ತು. ಅಣ್ಣ ಸರಳಿಗೆ ಜೋತುಬಿದ್ದು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸುತ್ತಿದ್ದ. ಕಿಟಕಿಯ ಪಕ್ಕ ವಿಭೂತಿ ಇಟ್ಟುಕೊಂಡ ಯಜಮಾನರೊಬ್ಬರು ಕೂತಿದ್ದರು, ಕೊಟ್ಟೂರಿನ ಕಡೆಯವರು. ಅಣ್ಣನ ತಲೆ ನೋಡಿ ಯಾವೂರು ಎಂದು ಕೇಳಿದರು. ನಾನು ಊರ ಹೆಸರು ಹೇಳಿದೆ.

‘ಹೌದೇನು? ನಿಮ್ಮೂರಿನದು ಪೇಪರಿನಾಗ ಬಂದಿತ್ತಲ್ಲ. ಜಾತಿ ಗೀತಿ ನೋಡದ ಇಡೀ ಊರು ತಲಿ ಕೊಟ್ಟೈತಿ ಅಂತ. ಓದಿ ಕಣ್ಣಾಗ ನೀರು ಬಂತು ನೋಡಪ್ಪಾ. ದೇಶ ಅಂದ್ರ ಹಂಗಿರಬೇಕು. ನಿಮ್ಮಂಥಾರು ಇದ್ದದ್ದಕ್ಕ ಈ ದೇಶ ಒಂದಾಗಿ ಐತಿ. ಬಾ, ಕುಂದ್ರು. ಕಾಲು ನೋವಾಗ್ಯಾವ ಏನು?’

ಅವರು ಕಿಟಕಿಗೆ ಒತ್ತಿಕೊಂಡು ಜಾಗ ಮಾಡಿದರು. ಅಣ್ಣನ ತೋಳು ಹಿಡಿದು ಕೂರಿಸಿಕೊಂಡರು. ಅಣ್ಣ ಕೂತ. ಬಾತ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದ. ಅವನ ಮುಖ ಸ್ವಲ್ಪ ಸಡಿಲವಾಯಿತು. ಎಲ್ಲವನ್ನೂ ಆ ಬಸ್ಸಿಗೆ ಕೇಳುವಂತೆ ಕೂಗಬೇಕು ಎಂದು ನನಗೆ ಅನ್ನಿಸಿತು. ಅಣ್ಣ ನನ್ನ ಕಡೆ ನೋಡಿ ಬೇಡ ಎಂದು ತಲೆ ಆಡಿಸಿದ.

‘ನೀನೂ ತಾಯಿಗಂತ ತಲಿ ಕೊಟ್ಟೀಯಲ್ಲ?’ ಎಂದು ಯಜಮಾನರು ಕೇಳಿದರು.

‘ಹೂಂನ್ರಿ’ ಎಂದ ಅಣ್ಣ.

‘ಭಾಳ ಚಲೋ ಮಾಡಿದಿ. ಮತ್ತ, ಆ ಊರಾಗ ನೀವು ಯಾರ ಪೈಕಿ ಆತಪ್ಪಾ?’

ಅಣ್ಣ ಮುಂದಿನ ಸೀಟಿನ ಸರಳು ಹಿಡಿದು, ಆ ಅಂಗಾಲುಗಳ ಮೇಲೆ ಭಾರ ಹಾಕಿ, ಎದ್ದು ನಿಂತ. ಏಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.